ಗೊಬ್ಬರದ ಚೀಲದ ಅಂಗಿ

ಕಳೆದ ವಾರ ದೊಡ್ಡಮ್ಮನ ಮನೆಯ ಹಿತ್ತಿಲಿಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ಮಳೆಯಲ್ಲಿ ನೆನೆದ ಹೊಗೆಸೊಪ್ಪಿನ ಘಾಟು. ಜೊತೆಗೆ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಕತ್ತರಿಸಿ ಮಾಡಿದ ಅಂಗಿಗಳು ತಂತಿಯ ಮೇಲೆ ನೇತಾಡುತ್ತಿದ್ದವು. ಕುತ್ತಿಗೆಯ ಅಂಚನ್ನು ಒಳಕ್ಕೆ ಮಡಚಿ ಹೊಲಿದಿದ್ದರು. ಆ ಮಡಿಕೆ ಕಂಡದ್ದೇ ಡಾಕ್ಟ್ರಮ್ಮ ನೆನಪಾದರು...

ನಾನು ಹೈಸ್ಕೂಲು ಓದಿದ್ದು ಪಿರಿಯಾಪಟ್ಟಣದ ಹತ್ತಿರದ ಈ ಹಳ್ಳಿಯಲ್ಲಿ, ದೊಡ್ಡಪ್ಪನ ಮನೆಯಲ್ಲಿ ಇದ್ದುಕೊಂಡು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಡಾಕ್ಟ್ರಮ್ಮ ಮೈಸೂರಿನಿಂದ ಬರುತ್ತಿದ್ದರು. ವಿಜ್ಞಾನಿ. ತಮ್ಮ ಸಂಸ್ಥೆಯಿಂದ ಹೊಲಕ್ಕಿಳಿದು ಸಂಶೋಧನೆ ಮಾಡಿದ ಮೊದಲ ಹೆಂಗಸು ಅವರೇ ಎಂದು ನನಗೆ ತಿಳಿದದ್ದು ಆಮೇಲೆ. ಊರಿನ ಪಾಲಿಗೆ ಅವರು ಸೂಜಿ ಚುಚ್ಚದ ಡಾಕ್ಟ್ರಮ್ಮ.

ಒದ್ದೆ ಸೊಪ್ಪನ್ನು ಎದೆಗವಚಿ ಹೊತ್ತು ತಂದು, ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ ಮನೆಗಾಗಿ ಕಡ್ಡಿಗೆ ಕಟ್ಟುವ ಹೆಂಗಸರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ ವಾಂತಿಯಾಗುತ್ತಿತ್ತು. ಪಿತ್ತ ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದವಳಾದರೆ ಮುಸಿಮುಸಿ ನಗುತ್ತಿದ್ದರು. ಎಲೆಯ ವಿಷ ನೀರಿನ ಜೊತೆ ಚರ್ಮದೊಳಕ್ಕೆ ಇಳಿಯುತ್ತದೆ ಎಂದು ನಮ್ಮೂರಲ್ಲಿ ಮೊದಲು ಹೇಳಿದವರು ಡಾಕ್ಟ್ರಮ್ಮ. ಅದನ್ನು ಪರೀಕ್ಷೆ ಮಾಡಿ ತೋರಿಸಲು ಹೆಂಗಸರ ಮೂತ್ರವನ್ನು ಪುಟ್ಟ ಬಾಟಲಿಗಳಲ್ಲಿ ಕೇಳಿದರು.

"ಇದ ತಕ್ಕೊಂಡೋಗಿ ಏನ್ಮಾಡೀರಿ ಡಾಕ್ಟ್ರಮ್ಮ? ನಿಮ್ಮನೆ ಗುಲಾಬಿ ಗಿಡಕ್ಕೆ ಉಯ್ದೀರಾ?" ಎಂದಳು ದೊಡ್ಡಮ್ಮ. ಸೊಪ್ಪು ಕಟ್ಟುವ ಚಪ್ಪರವೆಲ್ಲ ನಕ್ಕಿತು.

"ಗುಲಾಬಿಗೂ ವಾಂತಿ ಆದ್ರೆ ನೀವೇ ಬಂದು ನೋಡ್ಕೋಬೇಕು" ಎಂದರು ಡಾಕ್ಟ್ರಮ್ಮ.

ಮೊದಲ ಬಾಟಲಿ ಕೊಟ್ಟವಳು ದೊಡ್ಡಮ್ಮನೇ. ಪ್ಲಾಸ್ಟಿಕ್ಕಿನ ಮೊದಲ ಅಂಗಿ ಕತ್ತರಿಸಿದ್ದೂ ಅವಳ ಅಳತೆಗೇ. ಅಂಚು ಉಜ್ಜಿ ಕುತ್ತಿಗೆ ಉರಿಯುತ್ತದೆ ಎಂದಾಗ ಡಾಕ್ಟ್ರಮ್ಮ ನಮ್ಮ ಜಗಲಿಯ ಮೇಲೆ ಕುಳಿತು ಅದನ್ನು ಮಡಚಿ ಹೊಲಿದುಕೊಟ್ಟರು. ಅದನ್ನು ತೊಟ್ಟ ದಿನ ದೊಡ್ಡಮ್ಮ ಕೆಲಸ ಮುಗಿಸಿ ಬಂದು ಮುದ್ದೆ ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು.

ಮರುವರ್ಷ ಊರಲ್ಲಿ ಮಾತು ಹುಟ್ಟಿತು. ಸೊಪ್ಪಿನಲ್ಲಿ ವಿಷವಿದೆಯೆಂದು ಈಕೆ ಬರೆದರೆ ಬ್ಯಾರನ್ ಲೈಸೆನ್ಸೇ ಹೋಗುತ್ತದೆ ಎಂದು. ದೊಡ್ಡಪ್ಪ ಮತ್ತು ಇತರ ಬ್ಯಾರನ್ ಯಜಮಾನರು ದೂರು ಕೊಟ್ಟರು. ವಿಚಾರಿಸಲು ಡಾಕ್ಟ್ರಮ್ಮನ ಮೇಲಧಿಕಾರಿಗಳಿಬ್ಬರು ಬರುವುದೆಂದಾಯಿತು. ಹೆಂಗಸರು ಇದ್ದದ್ದನ್ನು ಹೇಳಿದರೆ ಸಂಶೋಧನೆ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ನಿಲ್ಲುತ್ತದೆ. ಅಧಿಕಾರಿಗಳು ಬರುವ ಹಿಂದಿನ ದಿನ ದೊಡ್ಡಮ್ಮ ಡಾಕ್ಟ್ರಮ್ಮನ ಕೈ ಹಿಡಿದು, "ನಾನೇ ಯೋಳ್ತೀನಿ ಬುಡಿ. ಕಕ್ಕಿದೋಳು ನಾನು, ಇವ್ರಲ್ಲ" ಎಂದಿದ್ದಳು. ನನ್ನ ಎಷ್ಟೋ ನೆನಪುಗಳ ಮೇಲೆ ನನಗೆ ನಂಬಿಕೆಯಿಲ್ಲ. ಈ ಮಾತಿನ ಮೇಲಿದೆ.

ಮಾರನೆಯ ದಿನ ದೊಡ್ಡಪ್ಪ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ದೊಡ್ಡಮ್ಮ ಸೆರಗು ಹೊದ್ದು ಅಧಿಕಾರಿಗಳ ಮುಂದೆ ಬಂದಳು.

"ನಂಗೇನೂ ಆಗಿಲ್ಲ ಸ್ವಾಮಿ. ಪಿತ್ತ, ಅಷ್ಟೇಯ. ಈಯಮ್ಮನೇ ಬಲವಂತ್ವಾಗಿ ಬಾಟ್ಲಿ ಇಸ್ಕೊಂಡಿದ್ದು."

ಉಳಿದ ಹೆಂಗಸರು ತಲೆಯಾಡಿಸಿದರು. ಡಾಕ್ಟ್ರಮ್ಮ ದೊಡ್ಡಮ್ಮನನ್ನೇ ನೋಡುತ್ತಾ ಕುಳಿತರು... ಹೋಗುವಾಗ ನನ್ನ ತಲೆ ಸವರಿದರು ಎಂದು ನನ್ನ ನೆನಪು. ಸವರಿರಲಾರರು. ಅಂದು ಈ ಮನೆಯವರ ತಲೆಯನ್ನು ಅವರು ಏಕೆ ಸವರಬೇಕು? ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡಿರಬೇಕು. ನನಗೆ ಅಂದೇ ಸಿಟ್ಟು ಬಂದಿತ್ತೋ, ಇಂದಿನ ಸಿಟ್ಟನ್ನು ಅಂದಿಗೆ ಹಚ್ಚುತ್ತಿದ್ದೇನೋ, ಅದೂ ಗೊತ್ತಿಲ್ಲ.

ಅವರು ಮತ್ತೆ ಬರಲಿಲ್ಲ. ನಿವೃತ್ತಿಯವರೆಗೂ ಅವರನ್ನು ಕಚೇರಿಯ ಮೇಜಿಗೇ ಕೂರಿಸಿದರಂತೆ. ಈ ವರ್ಷ ತೀರಿಕೊಂಡರು.

ಕಳೆದ ವಾರ ಆ ಹಿತ್ತಿಲಲ್ಲಿ ದೊಡ್ಡಮ್ಮ, ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸಿಗೆ ತಂತಿಯಿಂದ ಒಂದು ಅಂಗಿ ಎಳೆದುಕೊಟ್ಟಳು. "ಇದ ಆಕ್ಕೊ. ಇಲ್ದಿದ್ರೆ ಸೊಪ್ಪಿನ ನೀರು ಮೈಗಿಳಿದು ತಲೆ ತಿರುಗ್ತದೆ."

"ಯಾರವ್ವ ನಿಮ್ಗೆ ಯೋಳ್ಕೊಟ್ಟಿದ್ದು?" ಎಂದಳು ಆ ಹೆಂಗಸು.

"ಯಾರೂ ಯೋಳ್ಕೊಡ್ಲಿಲ್ಲ ಕಣೆ. ನಮ್ಗೇ ಗೊತ್ತಿತ್ತು. ಇದ್ಕೂ ಓದ್ಬೇಕಾ?"

ತಡೆಯಲಾಗಲಿಲ್ಲ. "ಡಾಕ್ಟ್ರಮ್ಮ ತೀರಿಹೋದ್ರು ದೊಡ್ಡಮ್ಮ" ಎಂದೆ.

"ಯಾವ ಡಾಕ್ಟ್ರಮ್ಮ?" ಎಂದಳು, ನನ್ನತ್ತ ತಿರುಗದೆ. ಆ ಹೆಂಗಸಿನ ಕುತ್ತಿಗೆಯ ಬಳಿ ಬಿಚ್ಚಿಕೊಂಡಿದ್ದ ಅಂಚನ್ನು ಮತ್ತೆ ಒಳಕ್ಕೆ ಮಡಚಿ, ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದಳು.