ಬಣ್ಣಕ್ಕೆ ಬಿಟ್ಟ ಜಾಗ

ನಮ್ಮ ಭಾವ ಮೊದಲ ಸಲ ನಮ್ಮ ಮನೆಗೆ ಬಂದಾಗ ಅಕ್ಕನ ಮುಖ ನೋಡಿದ್ದಕ್ಕಿಂತ ಬಾಗಿಲ ಕೀಲು ನೋಡಿದ್ದೇ ಹೆಚ್ಚು. ಕಿರ್ರ್ ಎನ್ನುತ್ತಿದ್ದ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಒಂದು ತೊಟ್ಟು ಎಣ್ಣೆ ಕೇಳಿದರು. ಅವರು ಹೋದ ಮೇಲೆ ಅಪ್ಪ, ಇವನಿಗೆ ತಲೆ ನೆಟ್ಟಗಿದೆಯಾ ಎಂದು ಅಕ್ಕನನ್ನೇ ಕೇಳಿದರು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇವಳ ಕಥೆ ಮುಗಿಯಿತು ಎಂದು ನನಗೆ ಆಗಲೇ ಗೊತ್ತಾಯಿತು.

ಭಾವನದು ಪ್ಲಾಸ್ಟಿಕ್ ಮಾದರಿಗಳ ಕಂಪನಿಯಲ್ಲಿ ಕೀಲು ವಿನ್ಯಾಸ ಮಾಡುವ ಕೆಲಸ. ಅಂಗೈಯಗಲದ ವಿಮಾನ, ಮೊಳದುದ್ದದ ಕ್ರೇನು, ಎಲ್ಲವೂ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತವೆ. ಕೊಂಡವರು ಮನೆಯಲ್ಲಿ ಬಣ್ಣ ಹಚ್ಚಿ ಜೋಡಿಸಿಕೊಳ್ಳುತ್ತಾರೆ. ಕ್ರೇನಿನ ತೋಳು ತಿರುಗಬೇಕು, ತಿರುಗಿಸಿದಲ್ಲೇ ನಿಲ್ಲಲೂ ಬೇಕು. ಸಡಿಲವಾದರೆ ಜೋತು ಬೀಳುತ್ತದೆ, ಬಿಗಿಯಾದರೆ ಮುರಿಯುತ್ತದೆ. ಇವೆರಡರ ನಡುವಿನ ಕೂದಲೆಳೆಯ ಜಾಗದಲ್ಲೇ ನಮ್ಮ ಭಾವ ಇಷ್ಟು ವರ್ಷ ಅನ್ನ ದುಡಿದದ್ದು.

ಪ್ರತಿ ಮಾದರಿಯ ಮೊದಲ ಪ್ರತಿಗೆ ಬಣ್ಣ ಹಚ್ಚುತ್ತಿದ್ದವಳು ಅಕ್ಕ. ಪೆಟ್ಟಿಗೆಯ ಮೇಲೆ ಅಚ್ಚಾಗುತ್ತಿದ್ದದ್ದು ಅದರದೇ ಫೋಟೊ. ಬಣ್ಣಕ್ಕೂ ದಪ್ಪ ಇರುತ್ತದಲ್ಲ, ಸರಿಯಾಗಿ ಕೂತ ಕೀಲಿಗೆ ಬಣ್ಣ ಬಳಿದರೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಭಾವ ಅಳತೆ ಗೊತ್ತುಮಾಡುವ ಮೊದಲು ಅಡುಗೆಮನೆ ಬಾಗಿಲಲ್ಲಿ ನಿಂತು "ಎಷ್ಟು ಪದರ?" ಎಂದು ಕೇಳುತ್ತಿದ್ದರು. ಅಕ್ಕ ಸೌಟು ಆಡಿಸುತ್ತಲೇ ಎರಡು ಎನ್ನುತ್ತಿದ್ದಳು, ಅಥವಾ ಮೂರು. ಭಾವ ಅಷ್ಟಕ್ಕೆ ಜಾಗ ಬಿಡುತ್ತಿದ್ದರು. ಬೇರೆ ಗಂಡ ಹೆಂಡಿರು ಕೂತು ಪ್ರೀತಿಯ ಮಾತಾಡುತ್ತಾರಂತೆ. ಇವರ ಭಾಗ್ಯಕ್ಕೆ ಇಷ್ಟೇ.

ಕಳೆದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳಲು ನಾನು ಅವರ ಮನೆಗೇ ಬಂದು ನಿಂತೆ. ಜೀವ ಉಳಿಯಿತು, ಮಾತು ಬಂತು, ನಡಿಗೆಯೂ ಬಂತು. ಬಲಗೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಎಡಗೈಯಲ್ಲೇ ಕುಂಚ ಹಿಡಿಯಿರಿ ಎಂದರೆ ಅಕ್ಕ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ನಗು ನಿಂತೇ ಹೋಯಿತು. ಕಿಟಕಿಯ ಲೋಟದಲ್ಲಿದ್ದ ಕುಂಚಗಳ ಮೇಲೆ ಧೂಳು ಕೂತಿತು. ಇವಳು ಮತ್ತೆ ಬಣ್ಣ ಮುಟ್ಟದಿದ್ದರೆ ನಮ್ಮಕ್ಕ ನಮಗೆ ಪೂರ್ತಿಯಾಗಿ ವಾಪಸು ಸಿಗುವುದಿಲ್ಲ ಎಂದು ನನಗೆ ಒಳಗೊಳಗೇ ಭಯ. ಭಾವನೋ, ಎಷ್ಟು ಪದರ ಎಂದು ಕೇಳುವುದನ್ನೇ ನಿಲ್ಲಿಸಿದರು.

ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ಮಧ್ಯಾಹ್ನ ಭಾವ ಹೊಸ ಕ್ರೇನಿನ ಮೊದಲ ಪ್ರತಿಯನ್ನು ತಂದು ಊಟದ ಮೇಜಿನ ಮೇಲಿಟ್ಟು ಸುಮ್ಮನೆ ಒಳಗೆ ಹೋದರು. ನಾನು ಹಳದಿ ಬಣ್ಣದ ಡಬ್ಬಿ ತೆರೆದು, ಅಕ್ಕನ ಎದುರಿಗೇ ಕೂತು, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯತೊಡಗಿದೆ. ಬೇಕಂತಲೇ ಕೆಟ್ಟದಾಗಿ ಹಚ್ಚಿದೆ ಎಂದು ಜಂಬ ಕೊಚ್ಚಿಕೊಳ್ಳಬಹುದು, ಆದರೆ ನನಗೆ ಬರುವುದೇ ಅಷ್ಟು. ಅಕ್ಕ ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡು ನೋಡಿದಳು.

"ಕೊಡೇ ಇಲ್ಲಿ. ಕೈಯೇನೇ ಅದು?" ಎಂದು ಎಡಗೈಯಲ್ಲಿ ಕುಂಚ ಕಿತ್ತುಕೊಂಡಳು.

ಕ್ರೇನಿನ ತೋಳು ತಿರುಗಿಸಿ ಬಿಟ್ಟಲ್ಲೇ ನಿಲ್ಲುತ್ತಿತ್ತು, ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಾಗಲಿಲ್ಲ. ಕೊನೆಗೆ ನನ್ನಿಂದ ತೋಳು ಬಿಚ್ಚಿಸಿ ಕೀಲಿನ ಗೂಟಕ್ಕೂ ಹಚ್ಚಿದಳು. ಕೈ ನಡುಗಿ ಬಣ್ಣ ಅಲ್ಲಲ್ಲಿ ಗುಡ್ಡೆ ಕಟ್ಟಿತು. ನನ್ನನ್ನು, ಕುಂಚವನ್ನು, ತನ್ನ ಕೈಯನ್ನು ಬೈಯುತ್ತಲೇ ಮುಗಿಸಿದಳು. ಆ ಬೈಗುಳ ಕೇಳಿ ನನಗೆ ಅಳು ಬರುವಷ್ಟು ಸಂತೋಷವಾಯಿತು.

ಮಾರನೆಯ ದಿನ ಬಣ್ಣ ಒಣಗಿತ್ತು. ಭಾವನನ್ನು ಕರೆದು ಕೂರಿಸಿ, ತೋಳನ್ನು ಗಟ್ಟಿಯಾಗಿ ಒತ್ತಿ ಸೇರಿಸಿದೆ. ಅಕ್ಕ ತಿರುಗಿಸಿದಳು. ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದಳು. ಟಕ್ ಎಂದು ಗೂಟ ಮುರಿಯಿತು. ಇನ್ನು ಇವಳು ಕುಂಚ ಮುಟ್ಟಿದ ಹಾಗೇ ಎಂದುಕೊಂಡೆ. ಭಾವ ತಪ್ಪೆಲ್ಲ ಕೀಲಿನದು, ನಿನ್ನದಲ್ಲ ಎಂದು ಬಡಬಡಿಸಿದರು.

ಅಕ್ಕ ಮುರಿದ ತುಂಡನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಬಣ್ಣಕ್ಕೆ ಜಾಗಾನೇ ಬಿಟ್ಟಿಲ್ವಲ್ಲ ನೀವು," ಅಂದಳು. "ಮರೆತ್ರಾ? ಇಲ್ಲಾ, ನಾನಿನ್ನು ಹಚ್ಚಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವತ್ತೊಂದು ದಿನ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

"ಆಸೆ ಬಿಟ್ಟಿದ್ದೆ ಕಣೇ," ಅಂದರು. "ಕೇಳಿದ್ರೆ ಎಲ್ಲಿ ಅಳ್ತೀಯೋ ಅಂತ ಕೇಳ್ಲಿಲ್ಲ. ಕೇಳದೆ ಕೇಳದೆ, ಕೊನೆಗೆ ಜಾಗ ಬಿಡೋದೂ ಬಿಟ್ಟುಹೋಯ್ತು."

ಅವರ ಕಣ್ಣು ತುಂಬಿತ್ತು. ಅಕ್ಕನದೂ. ಅವಳು ಎಡಗೈಯಿಂದ ಅವರ ಕೆನ್ನೆ ಒರೆಸಿ, "ಈಗ ಕೇಳಿ," ಅಂದಳು.

"ಎಷ್ಟು ಪದರ?"

"ಎರಡೇ. ಆದ್ರೆ ಕೈ ನಡುಗುತ್ತೆ, ದಪ್ಪ ಕೂರುತ್ತೆ. ಮೊದಲಿಗಿಂತ ಜಾಸ್ತಿ ಬಿಡಿ."

ಅಷ್ಟು ಬಿಟ್ಟರೆ ತೆಳ್ಳಗೆ ಹಚ್ಚುವವರ ಕ್ರೇನು ಜೋತು ಬೀಳುತ್ತದೆ ಎಂದು ಭಾವ ಗೊಣಗಿದರು. ಹಾಗಾದರೆ ಒಂದು ಸ್ಕ್ರೂ ಇಡಿ, ಅವರವರ ಕೈಗೆ ತಕ್ಕಂತೆ ಬಿಗಿ ಮಾಡಿಕೊಳ್ಳಲಿ ಎಂದಳು ಅಕ್ಕ. ಅದೇನು ಸುಲಭವೇ? ಆ ಸ್ಕ್ರೂ ಕೂರಿಸುವುದಕ್ಕೆ ಭಾವ ವಾರಗಟ್ಟಲೆ ಒದ್ದಾಡಿದರು. ಊಟಕ್ಕೆ ಕರೆದರೆ ಕಿವಿ ಕೇಳುತ್ತಿರಲಿಲ್ಲ. ಈಗ ಆ ಕಂಪನಿಯ ಕ್ರೇನುಗಳೆಲ್ಲ ಹಾಗೇ ಬರುತ್ತವೆ, ಒಳಗೆ ಧಾರಾಳ ಜಾಗ, ಪಕ್ಕದಲ್ಲಿ ಸಾಸಿವೆಯಷ್ಟು ಸ್ಕ್ರೂ. ಅಕ್ಕ ಹಚ್ಚುವ ಪ್ರತಿಗಳಲ್ಲಿ ಮಾತ್ರ, ಅವಳ ದಪ್ಪ ಬಣ್ಣಕ್ಕೆಂದು, ಭಾವ ಅದನ್ನು ಪೂರ್ತಿ ಸಡಿಲ ಬಿಡುತ್ತಿದ್ದರು.

ಮೊನ್ನೆ ಅಕ್ಕ ಇನ್ನೊಂದು ಪ್ರತಿಗೆ ಬಣ್ಣ ಹಚ್ಚಿದಳು. ಒಣಗಿದ ಮೇಲೆ ತೋಳು ಸೇರಿಸಿ ಎತ್ತಿ ನಿಲ್ಲಿಸಿದರೆ, ಅದು ಮೆಲ್ಲಗೆ ಜೋತು ಬಿತ್ತು. ಅಯ್ಯೋ, ಮತ್ತೇನು ಕೆಟ್ಟಿತಪ್ಪಾ ಎಂದು ನಾನು ಗಾಬರಿಯಾದೆ. ಭಾವ ತಿರುಪುಳಿ ತಂದು ಸ್ಕ್ರೂವನ್ನು ಒಂದಿಷ್ಟು ಬಿಗಿ ಮಾಡಿದರು. ತೋಳು ನಿಂತಿತು. ಅವರು ತಲೆ ಎತ್ತದೆ, "ಬಣ್ಣ ತೆಳ್ಳಗೆ ಕೂತಿದೆ ಕಣೇ. ನಿನ್ನ ಕೈ ನಡುಕ ಕಮ್ಮಿ ಆಗಿದೆ," ಅಂದರು.

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹಿಡಿದದ್ದು ಎಡಗೈ.