ತುಕ್ರಣ್ಣ ತಿದ್ದಿದ ಶಿಲುಬೆಕಲ್ಲು

"ಅಮ್ಮ, ತುಕ್ರ ಅಂಕಲ್ ಕಲ್ಲಿಗೆ ಯಾಕೆ ಕಿವಿ ಕೊಡ್ತಾರೆ? ಅದು ಮಾತಾಡ್ತದಾ?"

ಒಮಾನಿನ ಸೊಹಾರ್ ಪಟ್ಟಣದಲ್ಲಿ ಸಮೀಕ್ಷಾಳ ಮನೆಯ ಅಡುಗೆಕಟ್ಟೆಗೆ ಹೊಸ ಕಲ್ಲು ಕೂರಿಸಲು ಬಂದಿದ್ದ ತುಕ್ರಣ್ಣ ಅದನ್ನು ತಟ್ಟಿ ತಟ್ಟಿ ಕೇಳುತ್ತಿದ್ದರು. ಅವಳು ಮಗಳಿಗೆ ಉತ್ತರ ಹುಡುಕುವಷ್ಟರಲ್ಲಿ ಅವರೇ ಹೇಳಿದರು: "ಒಳಗೆ ಬಿರುಕುಂಟಾ ಅಂತ ಕೇಳೂದು, ಪುಟ್ಟಿ. ಗಟ್ಟಿ ಕಲ್ಲಾದ್ರೆ ಗಂಟೆ ಹಾಗೆ ಟಣ್ ಹೇಳ್ತದೆ."

ತುಕ್ರಣ್ಣ ಸಮೀಕ್ಷಾಳ ಊರಿನವರೇ, ಕಾರ್ಕಳದವರು. ಹದಿನಾಲ್ಕನೇ ವಯಸ್ಸಿನಲ್ಲಿ ಉಳಿ ಹಿಡಿದು ವಿಗ್ರಹ ಕೆತ್ತಲು ಕಲಿತವರು, ಇಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೆಷಿನಿನಲ್ಲಿ ಅಡುಗೆಕಟ್ಟೆಯ ಕಲ್ಲು ಕೊಯ್ಯುತ್ತಿದ್ದಾರೆ. ಹೋದ ವರ್ಷ ಬಂದರಿನಲ್ಲಿ ಕೆಲಸ ಮಾಡುವ ಆರ್ಮೇನಿಯಾದ ಎಂಜಿನಿಯರೊಬ್ಬರು ತಮ್ಮ ದೇಶದ ಗೆಗಾರ್ಡ್ ಎಂಬ ಹಳೆಯ ಮಠದಲ್ಲಿರುವ, ಶಿಲುಬೆಯ ಸುತ್ತ ಬಳ್ಳಿ ಕೆತ್ತಿದ ಶಿಲುಬೆಕಲ್ಲಿನ ಫೋಟೋ ತಂದು, ತಮ್ಮ ಮನೆಗೆ ಅಂಥದ್ದೊಂದು ಕೆತ್ತಿಕೊಡಿ ಎಂದರು. ಪೆಟ್ಟಿಗೆಯ ತಳ ಸೇರಿದ್ದ ತುಕ್ರಣ್ಣನ ಉಳಿ ಮತ್ತೆ ಹೊರಗೆ ಬಂತು.

"ಫೋಟೋದಲ್ಲಿ ಒಂದು ಬದಿಯ ಬಳ್ಳಿ ಇನ್ನೊಂದರ ಹಾಗೆ ಇರ್ಲಿಲ್ಲ ಅಕ್ಕ. ಪಾಪ, ಹಿಂದಿನವರಿಗೆ ಅಳತೆ ತಪ್ಪಿದೆ ಅಂತ ನಾನು ಕಂಪಾಸು ಇಟ್ಟು ಸರಿ ಮಾಡಿಬಿಟ್ಟೆ."

"ಅವರು ಬೈದ್ರಾ?"

"ಬೈದಿದ್ರೆ ಒಳ್ಳೇದಿತ್ತು. ಕೂರಿಸಿ ಚಹಾ ಕೊಟ್ರು. ಅದು ಅಳತೆ ತಪ್ಪಿದ್ದಲ್ಲ, ಅಲ್ಲಿಯ ಶಿಲ್ಪಿಗಳು ಬೇಕೂಂತಲೇ ಒಂದರ ಹಾಗೆ ಇನ್ನೊಂದು ಕೆತ್ತೂದಿಲ್ಲವಂತೆ."

ಅಂದು ಎಂಜಿನಿಯರು ತೋರಿಸಿದ ಗೆಗಾರ್ಡಿನ ಚಿತ್ರಗಳನ್ನು ತುಕ್ರಣ್ಣ ಸಮೀಕ್ಷಾಳಿಗೂ ತೋರಿಸಿದರು. ಏಳೆಂಟು ನೂರು ವರ್ಷಗಳ ಹಿಂದೆ ಬೆಟ್ಟವನ್ನೇ ಕೊರೆದು ಮಾಡಿದ ಕೋಣೆಗಳು. ಮೇಲಿನ ಕಿಂಡಿಯಿಂದ ಇಳಿಯುವ ಬೆಳಕು. ಒಂದೇ ಸರಪಳಿಗೆ ಕಟ್ಟಿದ ಎರಡು ಸಿಂಹಗಳು, ಅವುಗಳ ಕೆಳಗೆ ಕುರಿಮರಿ ಹಿಡಿದ ಹದ್ದು.

"ಸಿಂಹ ಕಾಣದವ ಮಾಡಿದ ಸಿಂಹ," ತುಕ್ರಣ್ಣ ನಕ್ಕರು. "ನಂದೂ ಮೊದಲಿಗೆ ಹೀಗೇ ಇತ್ತು. ಗುರುಗಳು, ಬೆಕ್ಕಿಗೆ ಜ್ವರ ಬಂದಿದೆಯಾ ಅಂತ ಕೇಳಿದ್ರು."

ಎಂಜಿನಿಯರಿಗೆ ಹೊಸದಾಗಿ ಕೆತ್ತಿಕೊಡಲು ತಂದ ಎರಡನೆಯ ಕಲ್ಲು ಈಗ ತಯಾರಾಗಿ ನಿಂತಿದೆ. ಆ ಗೋಡೆಗಳನ್ನು ಒಮ್ಮೆ ಕೈಯಾರೆ ಮುಟ್ಟದೆ ಅದಕ್ಕೆ ಉಳಿ ತಾಗಿಸಲು ಅವರಿಗೆ ಮನಸ್ಸಿಲ್ಲ. ಅಕ್ಟೋಬರಿನಲ್ಲಿ ಆರ್ಮೇನಿಯಾಕ್ಕೆ ಹೊರಟಿರುವ ಎಂಜಿನಿಯರು ಜೊತೆಗೆ ಕರೆದಿದ್ದಾರೆ. ಆದರೆ ವರ್ಷಕ್ಕೆ ಸಿಗುವ ರಜೆ ಒಂದೇ ತಿಂಗಳು, ಅದಕ್ಕಾಗಿ ಕಾರ್ಕಳದಲ್ಲಿ ಹೆಂಡತಿ ಲೋಲಾಕ್ಷಿ ಕಾಯುತ್ತಿದ್ದಾರೆ.

"ಅವಳು ಹೇಳ್ತಾಳೆ, ನಮ್ಮ ಬಚ್ಚಲಿನ ಕಲ್ಲು ಎದ್ದು ಎರಡು ವರ್ಷ ಆಯ್ತು, ಇವರು ಕಲ್ಲು ನೋಡ್ಲಿಕ್ಕೆ ಪರದೇಶಕ್ಕೆ ಹೋಗ್ತಾರಂತೆ ಅಂತ."

ಸಮೀಕ್ಷಾ ನಗು ತಡೆದಳು. "ಒಂದು ವಾರ ಅಲ್ಲಿ, ಮೂರು ವಾರ ಊರಲ್ಲಿ. ಆಗೂದಿಲ್ವಾ?"

"ನನಗೂ ಅದೇ ಲೆಕ್ಕ." ತುಕ್ರಣ್ಣ ಕೈಯ ಸಿಮೆಂಟು ಒರೆಸಿಕೊಂಡರು. "ಅಕ್ಕ, ನೀವೇ ಒಮ್ಮೆ ಲೋಲಾಕ್ಷಿಗೆ ಫೋನ್ ಮಾಡಿ. ನಾನು ಹೇಳಿದ್ರೆ ಅವಳಿಗೆ ಹುಚ್ಚು ಅನ್ನಿಸ್ತದೆ. ನೀವು ಹೇಳಿದ್ರೆ ಕೆಲಸದ ವಿಷಯ ಅನ್ನಿಸ್ತದೆ."