ಮರ ಅಳೆಯುತ್ತಿದ್ದ ದಾದಾ

ಮೊನ್ನೆ ಬಿರುಗಾಳಿಗೆ ನಮ್ಮ ಓಣಿಯ ಬೇವಿನ ಮರ ಬುಡಸಮೇತ ಉರುಳಿತು. ಕರೆಂಟಿನವರು ಬಂದು ಮಷಿನ್ನಿನಿಂದ ಕೊಯ್ದು, ತುಂಡುಗಳನ್ನು ನನ್ನ ಕಟ್ಟೆಯ ಹತ್ತಿರ ಒಟ್ಟಿ ಹೋದರು. ಹಸಿ ಕಟ್ಟಿಗೆಯ ವಾಸನೆ ಮನೆಯೊಳಗೆಲ್ಲ ಸುತ್ತಿತು. ಅಡುಗೆಗೆ ನಿಂತರೂ ಅದೇ, ಮಲಗಿದರೂ ಅದೇ. ಮಗ್ಗಲ ಮನೆಯ ದಾದಾ ನೆನಪಾದ...

ದಾದಾ ನನ್ನ ಒಡಹುಟ್ಟಿದವನಲ್ಲ. ನಾನು ಶಿರಗುಪ್ಪಿಗೆ ಸೊಸೆಯಾಗಿ ಬಂದಾಗ ಮಗ್ಗಲ ಮನೆಯಲ್ಲಿದ್ದ. ನನ್ನ ತವರಿನಲ್ಲಿ ಗಂಡು ಹುಟ್ಟಿರಲಿಲ್ಲ. ಅವನನ್ನೇ ಅಣ್ಣನೆಂದು ದಾದಾ ಎಂದೆ, ಅವನ ಹೆಂಡತಿಯನ್ನು ಅತ್ತಿಗೆಯೆಂದು ವೈನಿ ಎಂದೆ. ಕುರಿ ಕಾಯುವ ಮನೆತನ. ಕುರಿ ಮಾರಿದ ಮೇಲೆ ಊರ ಮಂದಿ ಕಬ್ಬು ಕಡಿಯಲು ಹೋದರೆ ಇವನು ಘಟ್ಟದ ಅಡವಿಗೆ ಹೋದ. ನಿಪ್ಪಾಣಿ ದಾಟಿ ಇನ್ನೂ ಪಡುವಣಕ್ಕೆ, ಬಿಸಿಲು ನೆಲ ಮುಟ್ಟದಂಥ ಕಾಡು. ಅಲ್ಲಿ ಯಾವುದೋ ಕಾಲೇಜಿನವರು ವರ್ಷಕ್ಕೊಮ್ಮೆ ಬಂದು ಮರಗಳ ದಪ್ಪ ಅಳೆಯುತ್ತಿದ್ದರು. ಟೇಪು ಹಿಡಿಯಲು, ಮುಳ್ಳು ಸವರಿ ದಾರಿ ಮಾಡಲು ಅವರಿಗೆ ಆಳು ಬೇಕಿತ್ತು. ದೀಪಾವಳಿ ಮುಗಿಯುತ್ತಲೇ ಹೊರಡುತ್ತಿದ್ದ. ಕಾಲ ತುಂಬ ಜಿಗಣೆ ಕಚ್ಚಿದ ಕಲೆ ಹೊತ್ತು ಬರುತ್ತಿದ್ದ.

ಮರ ಅಳೆದು ಏನು ಮಾಡುತ್ತಾರೆ ಎಂದು ಒಮ್ಮೆ ಕೇಳಿದೆ.

"ಗಾಳ್ಯಾಗಿನ ಹೊಗಿ ನುಂಗಿ ಗಿಡ ಕಟಿಗಿ ಮಾಡ್ಕೊಂತಾವ ತಂಗಿ. ದಪ್ಪ ಆದಷ್ಟೂ ಹೊಗಿ ಒಳಗ ಕಟ್ಟಿ ಹಾಕಿದಂಗ. ಅವರು ಕಾರ್ಬನ್ ಅಂತಾರ. ಯಾ ಗಿಡ ಎಷ್ಟ ಕಟ್ಟಿ ಹಾಕೈತಿ ಅನ್ನೂದು ನೋಡ್ತಾರ."

"ಹಂಗಿದ್ರ ನನ್ನ ಒಲಿ ಮುಂದ ಒಂದು ತಂದ ನಿಲ್ಲಸು. ಹೊಗಿಗೆ ಕಣ್ಣ ಹೋಗ್ಯಾವ."

"ನಿನ್ನ ಒಲಿ ಹೊಗಿಗೆ ಗಿಡಾನೂ ಕೆಮ್ಮತೈತಿ ಬಿಡ ಬೇ," ಎಂದು ವೈನಿ ಒಳಗಿನಿಂದಲೇ ಕೂಗಿದಳು. ಆಗ ಆ ಮನೆಯಲ್ಲಿ ನಗು ಇತ್ತು.

ಅವರಿಗೆ ಒಬ್ಬಳೇ ಮಗಳು, ಬಹಳ ವರ್ಷ ಕಾದ ಮೇಲೆ ಹುಟ್ಟಿದವಳು. ಒಂದು ಸಲ ಕಾಡಿನಿಂದ ಬಂದ ದಾದಾ ಚೀಲದಿಂದ ಟೇಪು ತೆಗೆದು, ಮಗಳನ್ನು ಅಂಗಳದಲ್ಲಿ ನಿಲ್ಲಿಸಿ, ಮರಕ್ಕೆ ಸುತ್ತುವ ಹಾಗೆ ಅವಳ ಎದೆಗೆ ಸುತ್ತಿದ. ದಪ್ಪ ಕಾಣಬೇಕೆಂದು ಹುಡುಗಿ ಉಸಿರು ಬಿಗಿ ಹಿಡಿದಳು. "ಈ ಗಿಡ ಭಾಳ ಹೊಗಿ ನುಂಗೈತಿ," ಎಂದ. ಹುಡುಗಿ ಬಿದ್ದು ಬಿದ್ದು ನಕ್ಕಳು. ವೈನಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಟೇಪು ಕಿತ್ತು ಒಗೆದಳು.

ನಮ್ಮಲ್ಲಿ ಬದುಕಿದ ಮೈಗೆ ಅಳತೆ ಹಿಡಿಯುವುದಿಲ್ಲ. ಕುಣಿ ತೋಡುವವರು ಹಗ್ಗ ಹಿಡಿದು ಹೆಣವನ್ನು ಅಳೆಯುತ್ತಾರೆ, ಅದೊಂದೇ ಅಳತೆ. ದರ್ಜಿ ಕೂಡ ನಮ್ಮ ಮಕ್ಕಳ ಮೈಗೆ ಟೇಪು ಹಚ್ಚುತ್ತಿರಲಿಲ್ಲ, ಹಳೆಯ ಅಂಗಿ ಇಸಿದುಕೊಂಡು ಅದನ್ನು ಅಳೆಯುತ್ತಿದ್ದ. ದಾದಾನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕಾಡಿನಲ್ಲಿ ದಿನವಿಡೀ ಅದೇ ಕೆಲಸ ಮಾಡಿ ಅವನ ಕೈಗೆ ಮರೆತುಹೋಗಿತ್ತು.

ಆ ಬೇಸಿಗೆಯಲ್ಲೇ ಹುಡುಗಿಗೆ ಕಾಮಣಿ ಆಯಿತು. ಕಣ್ಣು, ಉಗುರು ಎಲ್ಲ ಅರಿಶಿನ ಬಣ್ಣ. ಊರಲ್ಲಿ ಸೊಪ್ಪಿನ ಔಷಧಿ ಹಾಕಿಸಿದರು, ಆಮೇಲೆ ಮಿರಜಿಗೆ ಒಯ್ದರು. ತಿರುಗಿ ತಂದದ್ದು ಹೆಣ...

ಮಣ್ಣಿಗೆ ಬಂದ ಮಂದಿಯ ಎದುರೇ ವೈನಿ ಅಂದಳು: "ಗಿಡಾ ಅಳ್ಯಾಂವ ಮಗಳನ್ನ ಅಳದು ಕುಣಿಗೆ ಕೊಟ್ಟ."

ಅಂದಿನಿಂದ ಆ ಮನೆಯಲ್ಲಿ ಅದೊಂದೇ ಜಗಳ. ಉಪ್ಪು ಹೆಚ್ಚಾದರೂ ಅಲ್ಲಿಗೇ ಬರುತ್ತಿತ್ತು, ಎಮ್ಮೆ ಒದ್ದರೂ ಅಲ್ಲಿಗೇ. ಆಕೆ ಚುಚ್ಚುತ್ತಿದ್ದಳು, ಇವನು ಅಲ್ಲ ಎನ್ನುತ್ತಿದ್ದ. "ಅಳತಿಗೆ ಯಾರೂ ಸಾಯೂದಿಲ್ಲ. ನಾ ಅಳದ ಗಿಡ ವರ್ಷಾ ವರ್ಷಾ ದಪ್ಪ ಆಗ್ಯಾವ." ನಡುವಿನ ಗೋಡೆ ಮಣ್ಣಿನದು, ನನಗೆ ಎಲ್ಲ ಕೇಳುತ್ತಿತ್ತು. ಉಳಿದಂತೆ ಇಬ್ಬರಿಗೂ ಮಾತಿರಲಿಲ್ಲ. ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ಅಷ್ಟೇ. ಹೀಗೇ ವರ್ಷಗಳು ಹೋದವು.

ಒಂದು ದೀಪಾವಳಿಯ ಮುಂದೆ ದಾದಾ ನನ್ನ ಹತ್ತಿರ ಬಂದ. "ತಂಗಿ, ಈ ಸಲ ಆಕೀನ ಅಡವಿಗೆ ಕರಕೊಂಡ ಹೋಗಬೇಕಂತೀನಿ. ನೀ ಬಂದ್ರ ಆಕಿ ಬರತಾಳ. ನಾ ಅಳತಿ ಹಿಡದ ಗಿಡ ಹೆಂಗ ನಿಂತಾವ, ತನ್ನ ಕಣ್ಣೀಲೆ ನೋಡ್ಲಿ."

ವೈನಿಗೆ ಹೇಳಿದೆ. "ನಡಿ ಬೇ, ನೋಡೂಣು. ಎಷ್ಟ ಬದುಕ್ಯಾವ, ಎಷ್ಟ ಸತ್ತಾವ," ಎಂದಳು. ಗಂಡನನ್ನು ಸೋಲಿಸಲು ಹೊರಟ ಹಾಗೆ ರೊಟ್ಟಿ ಕಟ್ಟಿಕೊಂಡು ಹೊರಟಳು.

ಕಾಡಿನೊಳಗೆ ನಡು ಮಧ್ಯಾಹ್ನವೇ ಕತ್ತಲು. ಮರಮರಕ್ಕೂ ಚಿಕ್ಕ ತಗಡು ಹೊಡೆದು ಸಂಖ್ಯೆ ಬರೆದಿದ್ದರು. ದಾದಾ ಮುಂದೆ ಮುಂದೆ ನಡೆದು, ಒಂದೊಂದನ್ನೂ ತಟ್ಟಿ ತೋರಿಸುತ್ತಿದ್ದ. ಒಂದು ಕಡೆ ಬೆರಳು ದಪ್ಪದ ಸಸಿ ಹಿಡಿದು, "ಇದು ನಿನ್ನ ವಾರಿಗಿದು ತಂಗಿ, ನಿನ್ನಷ್ಟ ವಯಸ್ಸಿಂದು. ದೊಡ್ಡ ಗಿಡದ ನೆರಳಾಗ ಬೆಳೀಲಾರ್ದ ಹಂಗ ನಿಂತೈತಿ. ದೊಡ್ಡದು ಬಿದ್ದು ಬಿಸಲ ಬಂದ್ರ ಒಮ್ಮಿಗೇ ಏಳತೈತಿ," ಎಂದ. "ನನಗೂ ನಮ್ಮತ್ತಿ ನೆರಳ ಹಂಗ ಇತ್ತು," ಎಂದೆ. ಅವನೊಬ್ಬನೇ ನಕ್ಕ.

ಎಲ್ಲಕ್ಕಿಂತ ದೊಡ್ಡ ಮರವನ್ನು ಕಡೆಗೆ ತೋರಿಸಬೇಕೆಂದು ಇಟ್ಟುಕೊಂಡಿದ್ದ. ನಾಲ್ಕು ಮಂದಿ ಕೈ ಕೈ ಹಿಡಿದರೂ ತಬ್ಬಲಾಗದ ಮರ, ಅದರ ಮಾತು ನಾವು ಎಷ್ಟೋ ಸಲ ಕೇಳಿದ್ದೆವು. ಅಲ್ಲಿಗೆ ಹೋಗುವಷ್ಟರಲ್ಲಿ ಕಣ್ಣಿಗೆ ಬಿಸಿಲು ಹೊಡೆಯಿತು. ಆ ಮಳೆಗಾಲದ ಗಾಳಿಗೆ ಮರ ಬೇರು ಮೇಲೆ ಮಾಡಿ ಮಲಗಿತ್ತು. ಸುತ್ತಲಿನ ಹತ್ತಾರು ಮರಗಳನ್ನೂ ಎಳೆದುಕೊಂಡು ಬಿದ್ದಿತ್ತು. ದಾದಾ ನಿಂತಲ್ಲೇ ನಿಂತ. ಮುಖ ಬಿಳಿಚಿತ್ತು. ಮುಗಿಯಿತು, ಇನ್ನು ಇವನ ಬದುಕು ಇಲ್ಲ ಎಂದುಕೊಂಡೆ.

ವೈನಿ ಹತ್ತಿರ ಹೋಗಿ ತಗಡು ಮುಟ್ಟಿ ನೋಡಿದಳು.

"ಇದನ್ನೂ ಅಳದಿದ್ರೇನ್ರಿ?"

"ಹೂಂ."

ಆಕೆ ಸೀರೆ ಎತ್ತಿ ಕಟ್ಟಿ, ಬಿದ್ದ ಮರಗಳ ನಡುವೆ ಹತ್ತಿ ಇಳಿದು, ಒಂದೊಂದರ ಮೈ ತಡವಿದಳು. ತುದಿಯಲ್ಲಿ ಒಂದರ ಹತ್ತಿರ ನಿಂತಳು.

"ಇದಕ ತಗಡ ಇಲ್ಲಲ್ರಿ?"

"ಅದು ಕಾಲೇಜಿನವರು ಹಾಕಿದ ಗೆರಿ ಹೊರಗಿಂದು. ಅದಕ್ಕ ಅಳತಿ ಹಿಡಿದಿಲ್ಲ."

"ಈ ಆಚೀದಕ್ಕ?"

"ಅದಕ್ಕೂ ಇಲ್ಲ."

"ಮತ್ತ ಯಾಕ ಬಿದ್ವು?"

"ಗಾಳಿಗೆ."

"ಗಾಳಿಗೆ..." ಎಂದು ಆಕೆ ಅದೇ ಮರದ ಮೇಲೆ ಕುಳಿತಳು. ಮಗಳು ಸತ್ತಾಗ ಬೈದಿದ್ದಳೇ ಹೊರತು ಅತ್ತಿರಲಿಲ್ಲ. ಅಲ್ಲಿ ಅತ್ತಳು, ಬಾಯಿ ತೆರೆದು, ಕೂಸು ಅತ್ತ ಹಾಗೆ. ನಾನು ಹತ್ತಿರ ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಮೈ ಸವರುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ಅತ್ತು ಮುಗಿದ ಮೇಲೆ ಬುತ್ತಿ ಬಿಚ್ಚಿ, "ಬರ್ರಿ, ರೊಟ್ಟಿ ತಿನ್ರಿ. ಹಸದೀರಿ," ಎಂದಳು. ಎಷ್ಟು ವರ್ಷದ ಮೇಲೆ ಗಂಡನನ್ನು ಊಟಕ್ಕೆ ಕರೆದಳೋ.

ಊಟದ ಮೇಲೆ ದಾದಾ ಆ ಬಿದ್ದ ದೊಡ್ಡ ಮರಕ್ಕೂ ಟೇಪು ಸುತ್ತಿದ. ಸತ್ತದ್ದನ್ನು ಯಾಕೆ ಅಳೆಯುತ್ತಿ ಎಂದೆ. "ಬಿದ್ದ ಗಿಡ ಇಲ್ಲೇ ಬಿಡಬೇಕು. ಒಳಗ ಕಟ್ಟಿ ಹಾಕಿದ್ದ ಹೊಗಿ ಒಮ್ಮಿಗೇ ಹೋಗೂದಿಲ್ಲ ತಂಗಿ. ಕೊಳಕೋಂತ ಕೊಳಕೋಂತ ವರ್ಷಗಟ್ಲೆ ಹೋಗತೈತಿ."

ಊರಿಗೆ ಬಂದ ಮೇಲೆ ಗೋಡೆಯಾಚೆಯ ಜಗಳ ನಿಂತಿತು. ವೈನಿ ಎಮ್ಮೆಗೆ ಬೈದರೆ ಎಮ್ಮೆಗಷ್ಟೇ ಬೈಯುತ್ತಿದ್ದಳು. ಒಳ್ಳೆಯದಾಯಿತು ಎಂದುಕೊಂಡೆ. ಆದರೆ ಮುಂದಿನ ದೀಪಾವಳಿಗೆ ದಾದಾ ಕಾಡಿಗೆ ಹೊರಡಲಿಲ್ಲ. ಕಾಲೇಜಿನವರು ಹೇಳಿ ಕಳಿಸಿದರು, ಮೊಣಕಾಲು ನೋವು ಎಂದುಬಿಟ್ಟ. ಹೊಲದ ಬದುವಿನ ಮೇಲೆ ಕುಳಿತಿದ್ದವನನ್ನು ನಾನೇ ಕೇಳಿದೆ.

"ಕಾಲ ಗಟ್ಟಿ ಅದಾವಲ್ಲೋ ದಾದಾ. ಯಾಕ ಒಲ್ಲಿ?"

"ಆಕಿ ಬೈಯಾಕತ್ತಿದ್ಲಂದ್ರ ನಾ ಅಲ್ಲ, ನಾ ಅಲ್ಲ ಅಂತಿದ್ನಿ. ಅನಕೋಂತ ಅನಕೋಂತ ನನಗೂ ನಾ ಅಲ್ಲಂತನ ಅನಸ್ತಿತ್ತು. ಈಗ ಆಕಿ ಬೈಯೂದ ಬಿಟ್ಟಾಳ. ಯಾರಿಗೆ ಅಲ್ಲ ಅನ್ನಲಿ ತಂಗಿ?"

"ಗಾಳಿ ಅಂತ ನೀನ ಅಂದ್ಯಲ್ಲ."

"ಗಿಡಕ್ಕ ಅಂದ್ನಿ."

ಅದಾದ ಮೇಲೆ ಅವನು ಬಹಳ ವರ್ಷ ಬಾಳಲಿಲ್ಲ. ರೋಗ ಅಂತ ಏನೂ ಇರಲಿಲ್ಲ, ಮನುಷ್ಯ ಸಣ್ಣಗಾಗುತ್ತ ಹೋದ, ಒಂದು ದಿನ ಏಳಲಿಲ್ಲ... ಕಾಡಿನಲ್ಲಿ ಆ ಬಿಸಿಲು ಬಿದ್ದ ಜಾಗದಲ್ಲಿ ಇಷ್ಟೊತ್ತಿಗೆ ಹೊಸ ಮರಗಳು ಎದ್ದು ನೆರಳು ಮಾಡಿರುತ್ತವೆ. ನೋಡಿಬಂದು ಹೇಳುವವರು ಈಗ ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ವೈನಿ ಇದ್ದಾಳೆ. ಸಂಜೆಗೆ ನನ್ನ ಕಟ್ಟೆಗೆ ಬಂದು ಕೂರುತ್ತಾಳೆ. "ಕಡೀಕ ಸಮಾಧಾನಾಗಿ ಹ್ವಾದ್ರು ನೋಡ. ನಾ ಬೈಯೂದ ಬಿಟ್ಟಿದ್ಕ ಹಗೂರ ಆದ್ರು," ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.

ಆಕೆಗೆ ಓದಲು ಬರುವುದಿಲ್ಲ. ಬರುತ್ತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.